ಇರುಳಿನಲ್ಲಿ ನೆಲದ ಮೇಲೂ ಗಂಡಾಂತರ

ವಿಮಾನಕ್ಕೆ ಅಪಾಯವಿರುವುದು ಆಕಾಶದಲ್ಲಿ ಎಂದೇ ನಮ್ಮೆಲ್ಲರ ಎಣಿಕೆ. ಆದರೆ ಹಾರುವ ಮೊದಲು ಮತ್ತು ಇಳಿದ ಬಳಿಕ ಪುಟ್ಟ ವಿಮಾನವೊಂದು ನೆಲದ ಮೇಲೆ ಉರುಳುತ್ತ ಸಾಗುವ ಹೊತ್ತೂ ಎಚ್ಚರದ ಹೊತ್ತೇ. ಹೀಗೆ ಸಾಗುವುದಕ್ಕೆ ‘ಟ್ಯಾಕ್ಸಿಯಿಂಗ್’ ಎಂದು ಹೆಸರು. ರಾತ್ರಿಯಲ್ಲಂತೂ ಪೈಲಟನ ಕಣ್ಣೇ ಅವನಿಗೆ ಮೋಸ ಮಾಡಬಹುದು.

ಮನೆಯಲ್ಲಿ ಕರೆಂಟು ಹೋದ ಕ್ಷಣವನ್ನು ನೆನಪಿಸಿಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ. ಕ್ರಮೇಣ ಕುರ್ಚಿ, ಬಾಗಿಲು ಮಸುಕಾಗಿ ತೋರುತ್ತವೆ. ಕಣ್ಣಿನ ರೆಟಿನಾದಲ್ಲಿರುವ ಶಂಕುಕೋಶಗಳು ಒಳ್ಳೆಯ ಬೆಳಕಿನಲ್ಲಿ ಬಣ್ಣವನ್ನೂ ವಿವರವನ್ನೂ ಗುರುತಿಸುತ್ತವೆ. ಮಬ್ಬಿನಲ್ಲಿ ಕೆಲಸ ಮಾಡುವವು ದಂಡಕೋಶಗಳು. ಇವು ಕತ್ತಲೆಗೆ ಪೂರ್ತಿ ಒಗ್ಗಿಕೊಳ್ಳಲು ಸುಮಾರು 30 ನಿಮಿಷ ಬೇಕು. ಪ್ರಖರ ಬೆಳಕು ಬಿದ್ದರೆ ಆ ಶಕ್ತಿ ಕ್ಷಣದಲ್ಲಿ ಕುಂದುತ್ತದೆ. ವಿಮಾನಗಳು ನಿಲ್ಲುವ ಅಂಗಳದಲ್ಲಿ ಒಂದೆಡೆ ಕಣ್ಣು ಕೋರೈಸುವ ದೀಪ, ಪಕ್ಕದಲ್ಲೇ ಗಾಢ ನೆರಳು!

ಸೆಸ್ನಾ-172 ಎಂಬ ಪುಟ್ಟ ವಿಮಾನದ ರೆಕ್ಕೆಯ ಅಗಲ ಸುಮಾರು 11 ಮೀಟರು. ಅದರ ದೀಪ ಬೆಳಗುವುದು ಮುಂದಿನ ದಾರಿಯನ್ನು. ರೆಕ್ಕೆಯ ತುದಿಯ ಬಳಿ ಇರುವ ಕಂಬ ಕತ್ತಲಲ್ಲೇ ಉಳಿಯುತ್ತದೆ. ನಿಲ್ದಾಣದಲ್ಲಿ ಪಕ್ಕದ ಬಸ್ಸು ಹಿಂದೆ ಸರಿದರೆ ನಮ್ಮ ಬಸ್ಸೇ ಹೊರಟಂತೆ ಭಾಸವಾಗುವುದಿಲ್ಲವೆ? ಪೈಲಟನಿಗೂ ಅದೇ ಭ್ರಮೆ ಉಂಟಾಗುತ್ತದೆ. ಇನ್ನು ಪ್ರೊಪೆಲ್ಲರ್: ನಿಮಿಷಕ್ಕೆ 1000 ಸುತ್ತು ತಿರುಗಿದರೂ ಸೆಕೆಂಡಿಗೆ ಸುಮಾರು 17 ಸುತ್ತಾಯಿತು. ಕತ್ತಲಲ್ಲಿ ಅದು ಕಣ್ಣಿಗೇ ಬೀಳದು. ಹತ್ತಿರ ಹೋದವರ ಪ್ರಾಣಕ್ಕೆ ಸಂಚಕಾರ.

ಅಂಗಳ ದಾಟಿದ ಮೇಲೆ ದಾರಿ ತಪ್ಪುವ ಭಯ. ಟ್ಯಾಕ್ಸಿ ದಾರಿಯ ಅಂಚಿಗೆ ನೀಲಿ ದೀಪ, ರನ್‌ವೇ ಅಂಚಿಗೆ ಬಿಳಿ ದೀಪ ಇರುತ್ತವೆ. ಆದರೂ ತಪ್ಪುಗಳಾಗುತ್ತವೆ. 1994ರ ನವೆಂಬರ್ 22ರ ರಾತ್ರಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸೆಸ್ನಾ-441 ವಿಮಾನಕ್ಕೆ 31ನೆಯ ರನ್‌ವೇಗೆ ಹೋಗಲು ಸೂಚನೆ ಸಿಕ್ಕಿತ್ತು. ಪೈಲಟ್ ಹೋಗಿ ನಿಂತದ್ದು, ತಾನು ಸ್ವಲ್ಪ ಹೊತ್ತಿನ ಹಿಂದೆ ಇಳಿದಿದ್ದ 30-ಆರ್ ರನ್‌ವೇಯಲ್ಲಿ. ಅಲ್ಲಿಂದಲೇ ಹೊರಡಬೇಕೆಂದು ಅವರು ತಪ್ಪಾಗಿ ಭಾವಿಸಿದ್ದರು. ಅದೇ ರನ್‌ವೇಯಲ್ಲಿ 140 ಜನರಿದ್ದ ಎಂಡಿ-82 ವಿಮಾನ ಮೇಲೇರಲು ಧಾವಿಸಿ ಬರುತ್ತಿತ್ತು. ದೀಪಗಳ ಸಾಲಿನ ನಡುವೆ ನಿಂತಿದ್ದ ಪುಟ್ಟ ವಿಮಾನ ಕಂಡಾಗ ಕಾಲ ಮಿಂಚಿತ್ತು. ಸೆಸ್ನಾದಲ್ಲಿದ್ದ ಇಬ್ಬರೂ ಅಸುನೀಗಿದರು. 31ನೆಯ ರನ್‌ವೇಯನ್ನೂ ಆಗಾಗ ಬಳಸುವ ವಿಷಯ ಪೈಲಟರಿಗೆ ಒದಗಿಸುವ ಮಾಹಿತಿಯಲ್ಲಿ ಇಲ್ಲದಿದ್ದುದೂ ಇದಕ್ಕೆ ಕಾರಣವಾಯಿತೆಂದು ತನಿಖೆ ಹೇಳಿತು.

ಹಾಗಾದರೆ ಪರಿಹಾರ? ನಡಿಗೆಯ ವೇಗದಲ್ಲಿ ಸಾಗುವುದು, ನಿಲ್ದಾಣದ ನಕ್ಷೆಯನ್ನು ಮೊದಲೇ ನೋಡಿಕೊಳ್ಳುವುದು, ಸೂಚನೆಯನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದು. ಎಲ್ಲಕ್ಕಿಂತ ಮಿಗಿಲಾಗಿ, ಅನುಮಾನ ಬಂದೊಡನೆ ವಿಮಾನ ನಿಲ್ಲಿಸಿ ಕೇಳುವುದು. ತಿಳಿಯದಿದ್ದಾಗ ಕೇಳಲು ನಾಚಬಾರದೆಂಬ ಪಾಠ ತರಗತಿಯಲ್ಲಿ ಅಂಕ ಉಳಿಸಿದರೆ, ಕತ್ತಲ ರನ್‌ವೇಯಲ್ಲಿ ಜೀವವನ್ನೇ ಉಳಿಸುತ್ತದೆ.