ಎಲೆಕ್ಟ್ರಾನಿನ ಸ್ವಂತ ಶಕ್ತಿ ಅನಂತವೇ? ಪಿಯುಸಿ ತರಗತಿಯಲ್ಲಿ ರೀನಾರ್ಮಲೈಸೇಷನ್

ದ್ವಿತೀಯ ಪಿಯುಸಿಯಲ್ಲಿ ಸ್ಥಾಯಿ ವಿದ್ಯುತ್ ಪಾಠ ಮಾಡುವಾಗ ವಿದ್ಯುತ್ ಕ್ಷೇತ್ರದಲ್ಲಿಯೇ ಶಕ್ತಿ ಸಂಗ್ರಹವಾಗಿರುತ್ತದೆ ಎಂದು ಹೇಳುತ್ತೇವೆ. ಆವೇಶವು ಒಂದು ಬಿಂದು ಎಂದೂ ಹೇಳುತ್ತೇವೆ. ಈ ಎರಡು ಮಾತುಗಳನ್ನು ಜೋಡಿಸಿ ನೋಡುವ ವಿದ್ಯಾರ್ಥಿ ಕೇಳಬಹುದಾದ ಪ್ರಶ್ನೆ ಒಂದಿದೆ: "ಬಿಂದುವಿನ ಹತ್ತಿರ ಹೋದಷ್ಟೂ ಕ್ಷೇತ್ರ ಹೆಚ್ಚುತ್ತದಲ್ಲಾ ಸರ್, ಹಾಗಾದರೆ ಒಂದೇ ಒಂದು ಎಲೆಕ್ಟ್ರಾನಿನ ಸುತ್ತಲಿನ ಶಕ್ತಿ ಎಷ್ಟು?"

"ಅದು ನಿಮ್ಮ ಪಠ್ಯಕ್ರಮದಲ್ಲಿ ಇಲ್ಲ" ಎಂದು ಮುಂದೆ ಹೋಗುವುದು ಸುಲಭ. ಆದರೆ ಇದೇ ಪ್ರಶ್ನೆ 20ನೇ ಶತಮಾನದ ಭೌತವಿಜ್ಞಾನಿಗಳನ್ನು ವರ್ಷಗಟ್ಟಲೆ ಕಾಡಿತು. ಅದಕ್ಕೆ ಸಿಕ್ಕ ಉತ್ತರವೇ ರೀನಾರ್ಮಲೈಸೇಷನ್. ಅದರ ಗಣಿತ ಕಠಿಣ, ಒಳತಿರುಳು ಅಷ್ಟು ಕಠಿಣವಲ್ಲ. ಪಿಯುಸಿ ಮಕ್ಕಳ ಪೂರ್ವಜ್ಞಾನದ ಮೇಲೆಯೇ ಅದನ್ನು ಕಟ್ಟುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹಂತ: ಪ್ರಶ್ನೆಯನ್ನು ಸಂಖ್ಯೆಯಾಗಿಸುವುದು

ಎಲೆಕ್ಟ್ರಾನನ್ನು ಒಂದು ಪುಟ್ಟ ಗೋಳವೆಂದು ಭಾವಿಸಿ, ಅದರ ಹೊರಗಿನ ಕ್ಷೇತ್ರದ ಒಟ್ಟು ಶಕ್ತಿಯನ್ನು ಲೆಕ್ಕ ಹಾಕಿದರೆ ಅದು ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ತ್ರಿಜ್ಯ ಸುಮಾರು 1.4 × 10⁻¹⁵ ಮೀಟರ್ ಇದ್ದಾಗ ಈ ಶಕ್ತಿ 0.511 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ. ಎಲೆಕ್ಟ್ರಾನಿನ ಇಡೀ ದ್ರವ್ಯರಾಶಿಗೆ ಸಮನಾದ ಶಕ್ತಿಯೂ ಅಷ್ಟೇ. ತ್ರಿಜ್ಯವನ್ನು ಇನ್ನೂ ಕುಗ್ಗಿಸಿದರೆ ಕ್ಷೇತ್ರದ ಶಕ್ತಿಯೇ ಎಲೆಕ್ಟ್ರಾನಿನ ಒಟ್ಟು ಶಕ್ತಿಯನ್ನು ಮೀರುತ್ತದೆ. ತ್ರಿಜ್ಯ ಸೊನ್ನೆಯಾದರೆ ಅನಂತ. ಕ್ವಾಂಟಂ ಸಿದ್ಧಾಂತ ಬಂದ ಮೇಲೆ ಈ ಅನಂತದ ಬೆಳವಣಿಗೆ ಬಹಳ ನಿಧಾನವಾಯಿತು, ಆದರೆ ಅನಂತ ಇಲ್ಲವಾಗಲಿಲ್ಲ.

ಎರಡನೇ ಹಂತ: ನೀರಿನೊಳಗಿನ ಚೆಂಡು

ಒಂದು ಬಕೆಟ್ ನೀರು, ಒಂದು ಟೇಬಲ್ ಟೆನಿಸ್ ಚೆಂಡು ಸಾಕು. ಚೆಂಡಿನ ದ್ರವ್ಯರಾಶಿ 2.7 ಗ್ರಾಂ, ವ್ಯಾಸ 40 ಮಿಲಿಮೀಟರ್. ಅದನ್ನು ನೀರಿನ ತಳಕ್ಕೆ ಒತ್ತಿ ಹಿಡಿದರೆ ಸುಮಾರು 33.5 ಗ್ರಾಂ ನೀರನ್ನು ಸ್ಥಳಾಂತರಿಸುತ್ತದೆ. ಪ್ಲವನ ಬಲದಿಂದ ಚೆಂಡಿನ ತೂಕ ಕಳೆದರೆ ಮೇಲ್ಮುಖವಾಗಿ ಸುಮಾರು 0.30 ನ್ಯೂಟನ್ ಉಳಿಯುತ್ತದೆ. ಕೈ ಬಿಟ್ಟ ಕ್ಷಣದ ವೇಗೋತ್ಕರ್ಷ ಎಷ್ಟು ಎಂದು ಮಕ್ಕಳನ್ನು ಕೇಳಿ. ನ್ಯೂಟನ್ನನ ಎರಡನೇ ನಿಯಮದಂತೆ ಬಲವನ್ನು 2.7 ಗ್ರಾಂನಿಂದ ಭಾಗಿಸಿ, ಗುರುತ್ವ ವೇಗೋತ್ಕರ್ಷದ 11 ಪಟ್ಟಿಗಿಂತ ಹೆಚ್ಚು ಎನ್ನುತ್ತಾರೆ.

ಈ ಉತ್ತರ ಸರಿಯಲ್ಲ. ಚೆಂಡು ಚಲಿಸಬೇಕಾದರೆ ಸುತ್ತಲಿನ ನೀರೂ ಚಲಿಸಬೇಕು. ಗೋಳಕ್ಕೆ ಈ ಹೆಚ್ಚುವರಿ ಜಡತ್ವ, ಅದು ಸ್ಥಳಾಂತರಿಸಿದ ನೀರಿನ ದ್ರವ್ಯರಾಶಿಯ ಅರ್ಧದಷ್ಟು ಎಂಬುದು ದ್ರವಗಳ ಚಲನಶಾಸ್ತ್ರದ ಹಳೆಯ ಫಲಿತಾಂಶ. ಅಂದರೆ ನೀರಿನಲ್ಲಿ ಚೆಂಡು ವರ್ತಿಸುವುದು 2.7 ಗ್ರಾಂ ವಸ್ತುವಿನಂತಲ್ಲ, ಸುಮಾರು 19.5 ಗ್ರಾಂ ವಸ್ತುವಿನಂತೆ. ವೇಗೋತ್ಕರ್ಷ ಗುರುತ್ವದ 1.6 ಪಟ್ಟು ಮಾತ್ರ. (ಇದು ಮೊದಲ ಕ್ಷಣದ ಲೆಕ್ಕ. ಕೆಲವೇ ಸೆಂಟಿಮೀಟರ್ ಏರುವಷ್ಟರಲ್ಲಿ ನೀರಿನ ಎಳೆತ ಮೇಲುಗೈ ಸಾಧಿಸುತ್ತದೆ. ಆದ್ದರಿಂದ ಬಕೆಟ್ಟಿನಲ್ಲಿ ಅಳೆಯಲು ಹೋಗದೆ, ತೋರಿಸಿ, ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡುವುದು ಒಳ್ಳೆಯದು.)

ಈಗ ಮುಖ್ಯ ಪ್ರಶ್ನೆ: ಚೆಂಡನ್ನು ನೀರಿನಿಂದ ಹೊರಗೆ ತೆಗೆಯಲು ಸಾಧ್ಯವೇ ಇಲ್ಲದಿದ್ದರೆ 2.7 ಎಂಬ ಸಂಖ್ಯೆ ನಮಗೆ ತಿಳಿಯುತ್ತಿತ್ತೇ? ಎಲೆಕ್ಟ್ರಾನಿನ ಸ್ಥಿತಿ ಹೀಗೆಯೇ ಇದೆ. ಅದರ ಕ್ಷೇತ್ರವೇ ಅದರ ನೀರು. ಕ್ಷೇತ್ರವಿಲ್ಲದ 'ಬರಿಯ' ಎಲೆಕ್ಟ್ರಾನನ್ನು ಯಾರೂ ತೂಗಿಲ್ಲ, ತೂಗಲೂ ಆಗದು. ಪಠ್ಯಪುಸ್ತಕದಲ್ಲಿರುವ 9.1 × 10⁻³¹ ಕಿಲೋಗ್ರಾಂ ಕ್ಷೇತ್ರವನ್ನೂ ಸೇರಿಸಿ ಅಳೆದ ದ್ರವ್ಯರಾಶಿ. ಅನಂತ ಬಂದದ್ದು ಅಳೆಯಲಾಗದ ಆ ಬರಿಯ ದ್ರವ್ಯರಾಶಿ ನಮಗೆ ಗೊತ್ತಿದೆ ಎಂದುಕೊಂಡು, ಅದಕ್ಕೆ ಕ್ಷೇತ್ರದ ಪಾಲನ್ನು ಕೂಡಿಸಲು ಹೋದಾಗ. ಲೆಕ್ಕವನ್ನು ಅಳೆದ ದ್ರವ್ಯರಾಶಿಯ ಮೂಲಕವೇ ಮತ್ತೆ ಬರೆಯುವುದು ರೀನಾರ್ಮಲೈಸೇಷನ್ನಿನ ಮೊದಲ ಹೆಜ್ಜೆ.

ಮೂರನೇ ಹಂತ: ಮಗುವಿನ ತೂಕ

"ಅನಂತದಿಂದ ಅನಂತ ಕಳೆದರೆ ಏನು ಬೇಕಾದರೂ ಬರಬಹುದಲ್ಲ?" ಎಂದು ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿ ಆಕ್ಷೇಪಿಸುತ್ತಾನೆ. ಆಕ್ಷೇಪ ನ್ಯಾಯವಾದದ್ದೇ. ನಿಲ್ಲಲು ಬಾರದ ಮಗುವಿನ ತೂಕ ನೋಡುವ ಬಗೆಯನ್ನು ಇಲ್ಲಿ ನೆನಪಿಸಬಹುದು. ತಾಯಿ ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತಾಳೆ, ಆಮೇಲೆ ಒಬ್ಬಳೇ ನಿಲ್ಲುತ್ತಾಳೆ. ವ್ಯತ್ಯಾಸವೇ ಮಗುವಿನ ತೂಕ. ತಾಯಿಯ ಬದಲು ಅಜ್ಜಿ ಎತ್ತಿಕೊಂಡರೂ ಉತ್ತರ ಅದೇ.

ಭೌತವಿಜ್ಞಾನಿಗಳೂ ಅನಂತಗಳನ್ನು ನೇರವಾಗಿ ಕಳೆಯುವುದಿಲ್ಲ. ಮೊದಲು ಲೆಕ್ಕಕ್ಕೆ ಒಂದು ಮಿತಿ ಹಾಕುತ್ತಾರೆ: ಇಷ್ಟು ಶಕ್ತಿಯವರೆಗೆ ಮಾತ್ರ, ಅದರಾಚೆಗೆ ಇಲ್ಲ. ಆಗ ಎರಡೂ ಸಂಖ್ಯೆಗಳು ಸಾಂತ. ಕಳೆದ ಮೇಲೆ ಮಿತಿಯನ್ನು ಬದಲಿಸಿ ನೋಡುತ್ತಾರೆ. ಉತ್ತರ ಬದಲಾಗದಿದ್ದರೆ ಮಾತ್ರ ಅದನ್ನು ನಂಬುತ್ತಾರೆ.

1947ರಲ್ಲಿ ಇದಕ್ಕೆ ಪರೀಕ್ಷೆ ಒದಗಿತು. ಡಿರಾಕ್ ಸಮೀಕರಣದ ಪ್ರಕಾರ ಹೈಡ್ರೋಜನ್ ಪರಮಾಣುವಿನ ಎರಡು ನಿರ್ದಿಷ್ಟ ಸ್ಥಿತಿಗಳ ಶಕ್ತಿ ಒಂದೇ ಆಗಿರಬೇಕಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲ್ಲಿಸ್ ಲ್ಯಾಂಬ್ ಮತ್ತು ರಾಬರ್ಟ್ ರೆದರ್‌ಫರ್ಡ್ (ಪರಮಾಣು ಮಾದರಿಯ ರುದರ್‌ಫೋರ್ಡ್ ಅಲ್ಲ) ಸೂಕ್ಷ್ಮತರಂಗಗಳಿಂದ ಅಳೆದಾಗ ಅವುಗಳ ನಡುವೆ ಸುಮಾರು 1000 ಮೆಗಾಹರ್ಟ್ಸ್ ಅಂತರ ಕಂಡಿತು. ಅದೇ ವರ್ಷದ ಜೂನ್‌ನಲ್ಲಿ ಶೆಲ್ಟರ್ ಐಲ್ಯಾಂಡ್ ಸಮ್ಮೇಳನ ಮುಗಿಸಿಕೊಂಡು ರೈಲಿನಲ್ಲಿ ಹೊರಟ ಹ್ಯಾನ್ಸ್ ಬೆಥೆ, ಪರಮಾಣುವಿನೊಳಗಿನ ಎಲೆಕ್ಟ್ರಾನಿನ ಸ್ವಂತ ಶಕ್ತಿಯಿಂದ ಮುಕ್ತ ಎಲೆಕ್ಟ್ರಾನಿನ ಸ್ವಂತ ಶಕ್ತಿಯನ್ನು ಕಳೆದರು. ಬಂದ ಉತ್ತರ ಸುಮಾರು 1040 ಮೆಗಾಹರ್ಟ್ಸ್. ಅವರ ಲೆಕ್ಕದಲ್ಲಿ ಮಿತಿಯ ಪ್ರಭಾವ ಸ್ವಲ್ಪ ಉಳಿದಿತ್ತು. ಸಾಪೇಕ್ಷತೆಯನ್ನೂ ಸೇರಿಸಿದ ಪೂರ್ಣ ಲೆಕ್ಕದಲ್ಲಿ ಅದೂ ಹೋಯಿತು. ಈ ಸಿದ್ಧಾಂತವನ್ನು ಕಟ್ಟಿದ ಟೊಮೊನಾಗಾ, ಶ್ವಿಂಗರ್ ಮತ್ತು ಫೈನ್‌ಮನ್ 1965ರ ನೊಬೆಲ್ ಪಾರಿತೋಷಕ ಹಂಚಿಕೊಂಡರು. ಡಿರಾಕ್ ಮಾತ್ರ ಈ ವಿಧಾನವನ್ನು ಕೊನೆಯವರೆಗೂ ಒಪ್ಪಲಿಲ್ಲ. ಇದನ್ನೂ ತರಗತಿಯಲ್ಲಿ ಹೇಳಬೇಕು: ಆಕ್ಷೇಪಿಸಿದ ವಿದ್ಯಾರ್ಥಿ ಡಿರಾಕ್‌ನ ಪಕ್ಕದಲ್ಲಿ ನಿಂತಿದ್ದಾನೆ.

ನಾಲ್ಕನೇ ಹಂತ: ಆವೇಶವೂ ದೂರವನ್ನು ಅವಲಂಬಿಸುತ್ತದೆ

ನೀರಿನಲ್ಲಿ ಎರಡು ಅಯಾನುಗಳ ನಡುವಿನ ಬಲ ನಿರ್ವಾತದಲ್ಲಿರುವುದರ ಸುಮಾರು 80ರಲ್ಲಿ ಒಂದು ಭಾಗ ಎಂಬುದು ಮಕ್ಕಳಿಗೆ ಗೊತ್ತು. ನೀರಿನ ಅಣುಗಳು ತಿರುಗಿ ನಿಂತು ಆವೇಶವನ್ನು ಮರೆಮಾಡುತ್ತವೆ. ಆದರೆ ಅಯಾನುಗಳ ನಡುವೆ ಒಂದು ಅಣುವಿಗೂ ಜಾಗವಿಲ್ಲದಷ್ಟು ಹತ್ತಿರ ಹೋದರೆ ಮರೆ ಕಡಿಮೆಯಾಗಿ ಆವೇಶ ಹೆಚ್ಚಾಗಿ ಕಾಣುತ್ತದೆ.

ಕ್ವಾಂಟಂ ಸಿದ್ಧಾಂತದಲ್ಲಿ ನಿರ್ವಾತವೂ ಹೀಗೆಯೇ ಸ್ವಲ್ಪ ಮಟ್ಟಿಗೆ ಮರೆ ಮಾಡುತ್ತದೆ. ವಿದ್ಯುತ್ಕಾಂತೀಯ ಬಲದ ಪ್ರಬಲತೆಯನ್ನು ಸೂಚಿಸುವ ಸಂಖ್ಯೆ ಸಾಮಾನ್ಯ ದೂರಗಳಲ್ಲಿ ಸುಮಾರು 1/137. ಕಣಗಳು ಸುಮಾರು 91 ಶತಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಡಿಕ್ಕಿ ಹೊಡೆದು ತೀರಾ ಹತ್ತಿರ ಬಂದಾಗ ಅದು ಸುಮಾರು 1/128. ಕ್ವಾರ್ಕುಗಳನ್ನು ಬಂಧಿಸುವ ಪ್ರಬಲ ಬಲ ಇದಕ್ಕೆ ವಿರುದ್ಧ, ಹತ್ತಿರ ಹೋದಷ್ಟೂ ಕ್ಷೀಣಿಸುತ್ತದೆ. ಇದನ್ನು 1973ರಲ್ಲಿ ತೋರಿಸಿದ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಜರ್ ಅವರಿಗೆ 2004ರ ನೊಬೆಲ್ ಸಂದಿತು.

ಹಾಗಾದರೆ ಪಠ್ಯಪುಸ್ತಕದ 1.6 × 10⁻¹⁹ ಕೂಲಂ ಸುಳ್ಳೇ? ಅಲ್ಲ. ಅದು ದೂರದಿಂದ ಅಳೆದಾಗ ಸಿಗುವ ಬೆಲೆ. ಪ್ರಯೋಗಾಲಯದ ದಾಖಲೆಯಲ್ಲಿ ಪ್ರತಿ ಅಳತೆಯ ಜೊತೆ ಅಳೆದ ಸನ್ನಿವೇಶವನ್ನೂ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತೇವೆ. ಆ ಮಾತು ಎಲೆಕ್ಟ್ರಾನಿಗೂ ಅನ್ವಯಿಸುತ್ತದೆ.

ಹೋಲಿಕೆಗಳ ಮಿತಿ

ಚೆಂಡಿಗೆ ಗಾತ್ರವಿದೆ, ಅದನ್ನು ನೀರಿನಿಂದ ಹೊರಗೆ ತೆಗೆಯಬಹುದು. ಎಲೆಕ್ಟ್ರಾನಿಗೆ ಇವೆರಡೂ ಇಲ್ಲ. ತಾಯಿಯ ತೂಕವನ್ನು ಅಳೆಯಬಹುದು, ಬರಿಯ ದ್ರವ್ಯರಾಶಿಯನ್ನು ಅಳೆಯಲಾಗದು. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ನಾವು ಹೇಳುವ ಮೊದಲು ಮಕ್ಕಳಿಂದಲೇ ಪಟ್ಟಿ ಮಾಡಿಸಿದರೆ ತಪ್ಪು ಕಲ್ಪನೆಗಳು ಬೇರೂರುವುದಿಲ್ಲ.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು

1. ಅದೇ ಚೆಂಡನ್ನು ಅಡುಗೆ ಎಣ್ಣೆಯಲ್ಲಿ ಮುಳುಗಿಸಿದರೆ ಅದರ ಪರಿಣಾಮಕಾರಿ ದ್ರವ್ಯರಾಶಿ ನೀರಿನಲ್ಲಿದ್ದುದಕ್ಕಿಂತ ಹೆಚ್ಚೋ ಕಡಿಮೆಯೋ? ಏಕೆ?
2. ಮಗುವನ್ನು ತೂಗುವ ಎರಡು ಸಲವೂ ತಾಯಿಯ ಕೈಯಲ್ಲಿ ಒಂದೇ ಚೀಲವಿದ್ದರೆ ಉತ್ತರ ಬದಲಾಗುತ್ತದೆಯೇ? ಲೆಕ್ಕಕ್ಕೆ ಹಾಕುವ ಮಿತಿಗೂ ಇದಕ್ಕೂ ಇರುವ ಸಾಮ್ಯವೇನು?
3. 'ಎಲೆಕ್ಟ್ರಾನಿನ ಆವೇಶ ಇಷ್ಟು' ಎಂಬ ವಾಕ್ಯಕ್ಕೆ ಯಾವ ಮಾತು ಸೇರಿಸಿದರೆ ಅದು ಪೂರ್ಣವಾಗುತ್ತದೆ?