ಶಾಲೆಯ ಕೌನ್ಸೆಲರ್‌ಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ?



ಶಾಲೆಯಿಂದ ಫೋನ್ ಬರುತ್ತದೆ: "ನಿಮ್ಮ ಮಗಳು ಕ್ಲಾಸಿನಲ್ಲಿ ಯಾರ ಜೊತೆಯೂ ಮಾತಾಡುವುದಿಲ್ಲ, ಒಬ್ಬಳೇ ಕೂತಿರುತ್ತಾಳೆ. ಯಾರಾದರೂ ಕೌನ್ಸೆಲರ್‌ಗೆ ತೋರಿಸಿ." ತೋರಿಸುವುದು ಎಲ್ಲಿ, ಹಣ ಎಷ್ಟು ಬೇಕು, ಯಾವ ಕಾರ್ಡ್ ತೆಗೆದುಕೊಂಡು ಹೋಗಬೇಕು? ಅಮೆರಿಕದಲ್ಲಿರುವ ಸಂಬಂಧಿಕರನ್ನು ಕೇಳಿದರೆ, "ಇಲ್ಲಿ ಶಾಲೆಯಲ್ಲೇ ನೋಡುತ್ತಾರೆ, ಸರಕಾರಿ ವಿಮೆ ಕೊಡುತ್ತದೆ" ಎನ್ನುತ್ತಾರೆ. ಹಾಗಾದರೆ ನಮ್ಮ ಆಯುಷ್ಮಾನ್ ಕಾರ್ಡ್ ಯಾಕೆ ನಡೆಯಬಾರದು?

ನೇರ ಉತ್ತರ: ನಡೆಯುವುದಿಲ್ಲ. ಹಾಗೆಂದು ಮಗುವಿಗೆ ದಾರಿಯೇ ಇಲ್ಲ ಎಂದಲ್ಲ. ದಾರಿ ಬೇರೆ ಕಡೆ ಇದೆ.

ಮೊದಲು ಅಮೆರಿಕದ ವಿಷಯ. ಅಲ್ಲಿ ಕಡಿಮೆ ಆದಾಯದವರಿಗೆ ಮೆಡಿಕೈಡ್ ಎಂಬ ಸರಕಾರಿ ವಿಮೆ ಇದೆ. ವಿಶೇಷ ಅಗತ್ಯದ ಮಕ್ಕಳಿಗೆ ಶಾಲೆಯಲ್ಲೇ ಕೊಡುವ ಚಿಕಿತ್ಸೆಗೆ ಮೆಡಿಕೈಡ್ ಹಣ ಕೊಡಬಹುದು ಎಂದು 1988ರ ಕಾನೂನು ಸ್ಪಷ್ಟಪಡಿಸಿತು. ಎಲ್ಲ ಮಕ್ಕಳಿಗೂ ಉಚಿತವಾಗಿ ಕೊಡುವ ಸೇವೆಗೆ ಬಿಲ್ ಹಾಕಬಾರದೆಂಬ ನಿರ್ಬಂಧ ಬಹಳ ಕಾಲ ಇತ್ತು. 2014ರ ಡಿಸೆಂಬರ್‌ನಲ್ಲಿ ಅದನ್ನು ಸಡಿಲಿಸಿದರು. ಹೀಗಾಗಿ ಶಾಲೆಯ ಕೌನ್ಸೆಲರ್ ಮಗುವಿನ ಜೊತೆ ಕೂತ ಅರ್ಧ ಗಂಟೆಗೆ ಶಾಲೆ ವಿಮೆಯಿಂದ ಹಣ ಕೇಳಬಹುದು. ಆದರೆ ಬಿಲ್ ಆಗಬೇಕಾದರೆ ಸಾಮಾನ್ಯವಾಗಿ ರೋಗದ ಸಂಕೇತ ಬರೆಯಬೇಕು, ದಾಖಲೆ ಇಡಬೇಕು. ಆ ಕಾಗದದ ಕೆಲಸಕ್ಕೆ ಹೆದರಿ ಹಿಂದೆ ಸರಿದ ಸಣ್ಣ ಶಾಲೆಗಳೂ ಇವೆ. ದೂರದಿಂದ ಕಾಣುವಷ್ಟು ಸಲೀಸು ಅಲ್ಲಿಯೂ ಇಲ್ಲ.

ಇನ್ನು ನಮ್ಮದು. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಆದರೆ ಅದು ಆಸ್ಪತ್ರೆಗೆ ಸೇರಿಸಿದಾಗ ಮಾತ್ರ. ಮಾನಸಿಕ ಕಾಯಿಲೆಗಳ ಪ್ಯಾಕೇಜ್‌ಗಳೂ ಅದರಲ್ಲಿವೆ, ಅವೂ ಹಾಸಿಗೆಯ ಲೆಕ್ಕದವೇ. ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೂ ಹೀಗೆಯೇ. 2012ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಮುಂಬಯಿ ಸೇರಿ ಎಂಟು ಜಿಲ್ಲೆಗಳಲ್ಲಿ ಆರಂಭವಾದ ಯೋಜನೆ ಇದು. ಇಂಥ ಯೋಜನೆಗಳು ಹುಟ್ಟಿದ್ದೇ ಆಪರೇಷನ್, ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಖರ್ಚಿಗೆ ಮನೆ ಮಾರಬೇಕಾಗದಿರಲಿ ಎಂದು. ಒಂಬತ್ತನೇ ಕ್ಲಾಸಿನ ಹುಡುಗಿಗೆ ಬೇಕಾದದ್ದು ಹಾಸಿಗೆಯಲ್ಲ; ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು ಕೇಳುವ ತರಬೇತಿ ಪಡೆದ ಒಬ್ಬರು. ಅದಕ್ಕೆ ಪ್ಯಾಕೇಜ್ ಇಲ್ಲ. ಮಗುವಿನ ಸ್ಥಿತಿ ಕೈಮೀರಿ ಆಸ್ಪತ್ರೆಗೆ ಸೇರಿಸಿದರೆ ವಿಮೆ ಬರುತ್ತದೆ, ಕೈಮೀರದಂತೆ ತಡೆಯಲು ಬರುವುದಿಲ್ಲ. ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ.

ಖಾಸಗಿ ಕಂಪೆನಿಯ ಪಾಲಿಸಿ ಇರುವವರಿಗೆ ಒಂದು ಮಾತು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಮಿನ ಪ್ರಕಾರ, ದೇಹದ ಕಾಯಿಲೆಗೆ ಕೊಡುವ ವಿಮೆಯನ್ನು ಮನಸ್ಸಿನ ಕಾಯಿಲೆಗೂ ಅದೇ ಆಧಾರದಲ್ಲಿ ಕೊಡಬೇಕು. ಆದರೆ ಹೊರರೋಗಿ ಸೌಲಭ್ಯವೇ ಇಲ್ಲದ ಪಾಲಿಸಿಯಲ್ಲಿ ಜ್ವರಕ್ಕೂ ಇಲ್ಲ, ಕೌನ್ಸೆಲಿಂಗ್‌ಗೂ ಇಲ್ಲ. ಪಾಲಿಸಿ ಕಾಗದದಲ್ಲಿ 'ಓಪಿಡಿ' ಎಂಬ ಪದ ಇದೆಯೇ ನೋಡಿ.

ನಮ್ಮವರಲ್ಲಿ ಹೋಟೆಲ್, ಕ್ಯಾಂಟೀನ್, ಕಾರ್ಖಾನೆಗಳಲ್ಲಿ ದುಡಿಯುವವರು ಬಹಳ. ಅವರು ಮರೆತೇಬಿಡುವ ಒಂದು ವಿಮೆ ಇದೆ, ಅದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು. ಸಂಬಳದ ಚೀಟಿಯಲ್ಲಿ ಶೇ. 0.75 ಕಡಿತ ಇದ್ದರೆ ನೀವು ಅದರೊಳಗಿದ್ದೀರಿ, ಮಾಲಕರು ಶೇ. 3.25 ಹಾಕುತ್ತಾರೆ. ಇದರಲ್ಲಿ ಹೊರರೋಗಿ ಚಿಕಿತ್ಸೆಯೂ ಸೇರಿದೆ, ಹೆಂಡತಿ ಮಕ್ಕಳೂ ಸೇರುತ್ತಾರೆ. ಅಂಧೇರಿ, ಕಾಂದಿವಲಿ, ಮುಲುಂಡ್, ವರ್ಲಿಗಳಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ನಿಮ್ಮ ಹತ್ತಿರದ ಡಿಸ್ಪೆನ್ಸರಿಯಿಂದ ಮನೋವೈದ್ಯರಿಗೆ ಚೀಟಿ ಬರೆಸಿಕೊಳ್ಳಬೇಕು. ಮಗುವಿನ ಹೆಸರನ್ನು ಕಾರ್ಡಿಗೆ ಸೇರಿಸಿದ್ದೀರೋ ಇಲ್ಲವೋ ಇವತ್ತೇ ನೋಡಿ. ಊರಿನಲ್ಲಿರುವ ಮಕ್ಕಳ ಹೆಸರು ಸೇರಿಸದೆ ಬಿಟ್ಟವರು ಎಷ್ಟೋ ಮಂದಿ.

ಇನ್ನೊಂದು, ನಿರಾಮಯ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ಕೊರತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ವಿಮೆ. ಮೊತ್ತ ವರ್ಷಕ್ಕೆ 1 ಲಕ್ಷದವರೆಗೆ. ಇದರ ವಿಶೇಷ ಎಂದರೆ ಆಸ್ಪತ್ರೆಗೆ ಸೇರದೆ ಪಡೆಯುವ ಥೆರಪಿಗೂ ಒಂದು ಮಿತಿಯೊಳಗೆ ಹಣ ಬರುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಬರಿಯ ಆತಂಕ, ಖಿನ್ನತೆಗೆ ಇದು ಅನ್ವಯಿಸುವುದಿಲ್ಲ.

ಹಾಗಾದರೆ ಶಾಲೆಯಲ್ಲಿ ಏನೂ ಇಲ್ಲವೇ? ಇದೆ, ಬಿಲ್ ಇಲ್ಲದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಆಗುತ್ತದೆ. ಕಣ್ಣು, ಹಲ್ಲು, ಹೃದಯದ ಜೊತೆಗೆ ಕಲಿಕೆಯ ತೊಂದರೆ, ಗಮನ ನಿಲ್ಲದಿರುವುದು, ಆಟಿಸಂ ಕೂಡ ಆ ಪಟ್ಟಿಯಲ್ಲಿವೆ. ಮುಂದಿನ ಚಿಕಿತ್ಸೆಯೂ ಉಚಿತ. ಆದರೆ ಇದು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯ ಮಗುವಿಗೆ ಸಿಗುವ ಈ ಸೌಲಭ್ಯ, ಸಾಲ ಮಾಡಿ ಫೀಸು ಕಟ್ಟುವ ಅನುದಾನರಹಿತ ಇಂಗ್ಲಿಷ್ ಶಾಲೆಯ ಮಗುವಿಗೆ ಇಲ್ಲ.

ಅಂಥ ಶಾಲೆಯಲ್ಲಿ ಕೇಳಲು ಈಗ ಒಂದು ಆಧಾರ ಸಿಕ್ಕಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ಇಡಬೇಕೆಂದು ಹೇಳಿತು. ಕೋಚಿಂಗ್ ಕ್ಲಾಸುಗಳಿಗೂ ಇದು ಅನ್ವಯ. ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ವಿಮೆಯ ಉತ್ತರವಿಲ್ಲ. ಶಾಲೆ ಕೊಡಬೇಕು, ಅಂದರೆ ಕೊನೆಗೆ ಫೀಸಿನಿಂದ. ಪಾಲಕರ ಸಭೆಯಲ್ಲಿ "ಕೌನ್ಸೆಲರ್ ಯಾರು, ವಾರಕ್ಕೆ ಎಷ್ಟು ದಿನ ಬರುತ್ತಾರೆ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಶಾಲೆಯಲ್ಲಿ ಸಿಗದಿದ್ದರೆ ಮುಂಬಯಿಯ ಮಟ್ಟಿಗೆ ಭರವಸೆಯ ಜಾಗ ಪಾಲಿಕೆ ಆಸ್ಪತ್ರೆಗಳು. ಪರೇಲ್‌ನ ಕೆಇಎಂ, ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹೂವಿನ ಕೂಪರ್, ಎಲ್ಲ ಕಡೆ ಮನೋವೈದ್ಯ ವಿಭಾಗವಿದೆ. ಅಲ್ಪ ಹಣದ ಕೇಸ್ ಪೇಪರ್ ಮಾಡಿಸಿದರೆ ಸಾಕು, ಯಾವ ವಿಮೆಯೂ ಬೇಡ. ಕ್ಯೂ ಉದ್ದ, ನಿಜ. ಒಂದು ರಜೆ ಹಾಕಲೇಬೇಕು. ಹತ್ತನೇ ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ರಿಯಾಯಿತಿಗೆ ಬೇಕಾದ ಕಲಿಕಾ ತೊಂದರೆಯ ಪ್ರಮಾಣಪತ್ರಕ್ಕೂ ಕೆಇಎಂ, ಸಯನ್, ನಾಯರ್‌ಗೇ ಹೋಗುವುದು. ತಪಾಸಣೆಗೆ ಹಲವು ಭೇಟಿ ಬೇಕಾಗುವುದರಿಂದ ಎಂಟನೇ ಕ್ಲಾಸಿನಲ್ಲೇ ಶುರುಮಾಡಿ. ಅಂದಹಾಗೆ ಮಕ್ಕಳ ಮನಸ್ಸಿಗೊಂದು ಚಿಕಿತ್ಸಾಲಯ ಈ ಊರಿಗೆ ಹೊಸತಲ್ಲ. ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1937ರಲ್ಲೇ ಇಲ್ಲಿ ಅಂಥದ್ದೊಂದನ್ನು ತೆರೆದಿತ್ತು.

ರೇಷನ್ ಕಾರ್ಡ್ ಇನ್ನೂ ಊರಿನಲ್ಲೇ ಇರುವವರಿಗೆ: ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದರೆ ಆಯುಷ್ಮಾನ್ ಕಾರ್ಡ್ ಮುಂಬಯಿಯಲ್ಲೂ ನಡೆಯುತ್ತದೆ. ಫುಲೆ ಯೋಜನೆಗೆ ಮಹಾರಾಷ್ಟ್ರದ ದಾಖಲೆ ಕೇಳುತ್ತಾರೆ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಅಲ್ಲಿನ ಆರೋಗ್ಯಮಿತ್ರರನ್ನು ಮೊದಲೇ ಕಾಣಿ, ಅಥವಾ 14555ಕ್ಕೆ ಫೋನ್ ಮಾಡಿ.

ಭಾಷೆಯ ತೊಡಕೂ ಇದೆ. ತಾಯಿಗೆ ಕನ್ನಡ, ತುಳು ಮಾತ್ರ ಬರುತ್ತದೆ, ಡಾಕ್ಟರು ಮರಾಠಿಯಲ್ಲಿ ಕೇಳುತ್ತಾರೆ, ನಡುವೆ ಮಗುವೇ ಅನುವಾದಕಿ. ಹಾಗೆ ಮಾಡಬೇಡಿ. ತನ್ನ ದುಃಖವನ್ನು ತಾನೇ ಅಮ್ಮನಿಗೆ ಭಾಷಾಂತರಿಸುವ ಮಗು ಅರ್ಧ ಮುಚ್ಚಿಡುತ್ತದೆ. ಮರಾಠಿ ಅಥವಾ ಹಿಂದಿ ಬಲ್ಲ ಒಬ್ಬ ದೊಡ್ಡವರನ್ನು ಕರೆದುಕೊಂಡು ಹೋಗಿ. ಮಗುವಿಗೆ ಡಾಕ್ಟರ ಜೊತೆ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಲು ಬಿಡಿ. ಅಲ್ಲಿ ಆಡಿದ ಮಾತನ್ನು ಗುಟ್ಟಾಗಿ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಶಾಲೆಗೆ ಎಷ್ಟು ತಿಳಿಸಬೇಕೆಂಬುದನ್ನು ಡಾಕ್ಟರ ಜೊತೆ ಕೂತು ನಿರ್ಧರಿಸಿ.

ಕನ್ನಡದಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರಿ ಸೇವೆ, ದಿನದ 24 ಗಂಟೆಯೂ ಉಚಿತ, ಭಾಷೆ ಆರಿಸಿಕೊಳ್ಳಬಹುದು. ವಿದ್ಯಾರ್ಥಿಗಳಿಗೆಂದೇ ಕೇಂದ್ರ ಶಿಕ್ಷಣ ಇಲಾಖೆಯ ಮನೋದರ್ಪಣ್ ಕೂಡ ಇದೆ: 8448440632. ಮಗು "ಸಾಯಬೇಕು" ಎಂದರೆ, ಕೈಗೆ ಗಾಯ ಮಾಡಿಕೊಂಡಿದ್ದರೆ, ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಕಾರ್ಡ್ ಹುಡುಕುತ್ತಾ ಕೂರಬೇಡಿ. ಒಬ್ಬಳನ್ನೇ ಬಿಡದೆ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿ. ಕಾಗದ ಆಮೇಲೆ ಮನೆಯವರು ಯಾರಾದರೂ ತಂದುಕೊಡಲಿ.