ವಿಲ್ಲಾ ಕನಸಿಗೆ ಚದರದ ಲೆಕ್ಕ

ರಾತ್ರಿ ಹಾಸ್ಟೆಲಲ್ಲಿ ಮಾರಾಟಕ್ಕಿರೋ ವೈಟ್‌ಫೀಲ್ಡ್ ವಿಲ್ಲಾಗಳ ಫೋಟೋ ನೋಡಿ ನಾವು ಬಾಯಿ ಬಿಡ್ತೀವಿ. ಅಂಥದ್ದೇ ಕಟ್ಟಿಸಿದ್ರೆ ಎಷ್ಟಾಗುತ್ತೆ?

ಮೇಸ್ತ್ರಿಗಳ ಲೆಕ್ಕ ಚದರದಲ್ಲಿ. ಒಂದು ಚದರ ಅಂದ್ರೆ 100 ಚದರಡಿ. 40 ಚದರದ ಮನೆಗೆ ಚದರಡಿಗೆ 3000 ರೂಪಾಯಿ ಹಿಡಿದ್ರೆ 1.2 ಕೋಟಿ. ಇದೇ ಪ್ಲಿಂತ್ ಏರಿಯಾ ವಿಧಾನ.

ಈ ಲೆಕ್ಕ ಕೈಕೊಡೋದು ಡಬಲ್ ಹೈಟ್ ಹಾಲಿನಲ್ಲಿ. ಮೇಲಿನ ಖಾಲಿ ಜಾಗಕ್ಕೆ ನೆಲ ಇಲ್ಲ, ಹಾಗಾಗಿ ಚದರಡಿಗೆ ಸೇರಲ್ಲ. ಆದರೆ ಗೋಡೆ, ಸಾರುವೆ, ಪೇಂಟಿನ ಖರ್ಚು ಬಂದೇ ಬರುತ್ತೆ. ಅದಕ್ಕೇ ಘನ ಅಡಿಯ ಲೆಕ್ಕವೂ ಇದೆ. ಈಜುಕೊಳ, ಕಾಂಪೌಂಡು, ಸೈಟಿನ ಬೆಲೆ ಬೇರೆ.

ಊರಲ್ಲಿ ಅಪ್ಪ ಅಮ್ಮ ಸಾಲ ಮಾಡಿ ಕಟ್ಟಿಸಿದ 12 ಚದರದ ಮನೆಯನ್ನು ‘ಇಷ್ಟೇನಾ’ ಅಂದಿದ್ವಿ. ಚದರಡಿಗೆ 2000 ಹಿಡಿದ್ರೂ ಅದು 24 ಲಕ್ಷ! ಈಗ ಹಾಗನ್ನೋಕೆ ಬಾಯಿ ಬರಲ್ಲ.